ಬೀಗ ಒಡೆಯೋದು ಐದು ಸೆಕೆಂಡಿನ ಕೆಲಸ...

ನಮ್ಮ ಸಾಫ್ಟ್‌ವೇರ್ ಮಂದಿಯಲ್ಲಿ ಒಂದು ವಿಚಿತ್ರ ನಂಬಿಕೆ ಇದೆ. ಕೆಲಸಕ್ಕೆ ಅಡ್ಡ ಬಂದದ್ದೆಲ್ಲ ದೋಷ! ವಾರ್ನಿಂಗ್ ಬಂತಾ? ಮುಚ್ಚಿ ಹಾಕು. ಬೀಗ ಇದೆಯಾ? ಒಡೆದು ಹಾಕು. ಅದನ್ನು ಯಾಕೆ ಹಾಕಿದ್ದರು ಅಂತ ಕೇಳೋಕೆ ಮಾತ್ರ ಯಾರಿಗೂ ಪುರುಸೊತ್ತಿಲ್ಲ. ಇವತ್ತು ನನ್ನ ಜಗಳ ಈ ಬುದ್ಧಿಯ ಜೊತೆ.

ಮೈಕ್ರೋಸಾಫ್ಟಿನ ಅಜೂರ್ ಕ್ಲೌಡನ್ನೇ ತಗೊಳ್ಳಿ. ಅದರಲ್ಲಿ ಸ್ಟೋರೇಜ್ ಅಕೌಂಟ್ ಅಂತ ಇರುತ್ತೆ, ಫೈಲುಗಳ ಉಗ್ರಾಣ ಅಂದುಕೊಳ್ಳಿ. ಅದರೊಳಗಿನ ಫೈಲ್ ಶೇರ್‌ಗೆ ಬ್ಯಾಕಪ್ ಶುರು ಮಾಡಿದರೆ ಅಜೂರ್ ತಾನಾಗೇ ಅಕೌಂಟಿಗೆ ‘ಅಜೂರ್‌ಬ್ಯಾಕಪ್‌ಪ್ರೊಟೆಕ್ಷನ್‌ಲಾಕ್’ ಅನ್ನೋ ಬೀಗ ಜಡಿಯುತ್ತೆ. ಆಮೇಲೆ ಅಕೌಂಟ್ ಡಿಲೀಟ್ ಮಾಡೋಕೆ ಹೋದರೆ ಆಗಲ್ಲ ಅನ್ನುತ್ತೆ. ನಮ್ಮವರಿಗೆ ಪಿತ್ತ ನೆತ್ತಿಗೇರೋದು ಇಲ್ಲೇ. ಪೋರ್ಟಲಿನಲ್ಲಿ ‘ಲಾಕ್ಸ್’ ತೆರೆದು ಡಿಲೀಟ್ ಒತ್ತಿದರೆ ಮುಗೀತು, ಬೀಗ ಮಾಯ!

ಆದರೆ ಸ್ವಾಮೀ, ಆ ಬೀಗ ಯಾಕಿದೆ ಗೊತ್ತಾ? ಸ್ನ್ಯಾಪ್‌ಶಾಟ್ ಬಗೆಯ ಬ್ಯಾಕಪ್ಪಿನಲ್ಲಿ ಪ್ರತಿಗಳು ಬೇರೆಲ್ಲೋ ಇರಲ್ಲ. ಅದೇ ಅಕೌಂಟಿನೊಳಗೆ ಇರುತ್ತವೆ. ಅಕೌಂಟ್ ಹೋದರೆ ಅಸಲೂ ಹೋಯ್ತು, ನಕಲೂ ಹೋಯ್ತು. ಬೀಗ ಕೇಳ್ತಿರೋದು ಒಂದೇ ಪ್ರಶ್ನೆ: “ಒಳಗೆ ಬ್ಯಾಕಪ್ ಇದೆ, ಗೊತ್ತು ತಾನೇ?” ಉತ್ತರ ಕೊಡೋ ಬದಲು ನಾವು ಕೇಳಿದವನ ಬಾಯಿ ಮುಚ್ಚಿಸ್ತೀವಿ.

ನಾನು ಹಿಂದೆ ಇದ್ದ ಒಂದು ಕಂಪನಿಯಲ್ಲಿ ಹೀಗೇ ಆಯ್ತು. ತಿಂಗಳ ಬಿಲ್ ಜಾಸ್ತಿ ಬಂತು ಅಂತ ಮ್ಯಾನೇಜರ್ ಸಾಹೇಬರು ಚಾಟಿನಲ್ಲಿ ಒಂದು ಸಾಲು ಹಾಕಿದರು: “ಲಾಕ್ ತೆಗೆದು ಡಿಲೀಟ್ ಮಾಡಿಬಿಡು.” ಈ ಡೇಟಾ ಯಾರದ್ದು, ಯಾರನ್ನು ಕೇಳಿದಿರಿ ಸಾರ್, ಮೇಲ್ ಹಾಕಿ ಅಂದೆ. ‘ಸ್ಲೋ’ ಅನ್ನೋ ಬಿರುದು ಸಿಕ್ತು. ಎರಡೇ ವಾರಕ್ಕೆ ಆಡಿಟ್‌ನವರು ಅದೇ ಅಕೌಂಟಿನ ಹಳೇ ಫೈಲುಗಳನ್ನು ಕೇಳಿಕೊಂಡು ಬಂದರು. ಅವತ್ತು ನನಗೆ ಥ್ಯಾಂಕ್ಸ್ ಹೇಳಿದವರು ಯಾರೂ ಇಲ್ಲ, ಬಿಡಿ. ಅಕಸ್ಮಾತ್ ಡಿಲೀಟ್ ಆಗಿದ್ದರೆ ಬಯ್ಯೋಕೆ ಮಾತ್ರ ನನ್ನ ಹೆಸರೇ ಇರ್ತಿತ್ತು. ಲಾಗಿನಲ್ಲಿ ಬೀಳೋದು ಒತ್ತಿದವನ ಹೆಸರು, ಒತ್ತು ಅಂದವನದ್ದಲ್ಲ!

“ಬ್ಯಾಕಪ್ ಇರೋವಾಗ ಭಯ ಯಾಕೆ?” ಅನ್ನೋರಿಗೆ ಎರಡು ಕತೆ. 2014ರಲ್ಲಿ ಕೋಡ್ ಸ್ಪೇಸಸ್ ಅನ್ನೋ ಕಂಪನಿಯ ಅಮೆಜಾನ್ ಕ್ಲೌಡ್ ಕಂಟ್ರೋಲ್ ಪ್ಯಾನೆಲ್ಲಿಗೆ ಯಾರೋ ನುಗ್ಗಿದರು. ಡೇಟಾ ಜೊತೆಗೆ ಬ್ಯಾಕಪ್‌ಗಳನ್ನೂ ಹೆಚ್ಚುಕಮ್ಮಿ ಪೂರ್ತಿ ಅಳಿಸಿದರು. ಕಂಪನಿಯೇ ಬಾಗಿಲು ಹಾಕ್ತು. 2024ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಪಿಂಚಣಿ ನಿಧಿ ಯೂನಿಸೂಪರ್‌ನ ಪ್ರೈವೇಟ್ ಕ್ಲೌಡ್ ಗೂಗಲ್ ಕಡೆಯ ಒಂದು ತಪ್ಪು ಸೆಟ್ಟಿಂಗಿನಿಂದ ಅಳಿಸಿಹೋಯ್ತು. ಮತ್ತೆ ಎದ್ದು ನಿಲ್ಲೋಕೆ ನೆರವಾದದ್ದರಲ್ಲಿ ಬೇರೆ ಕಂಪನಿಯ ಕ್ಲೌಡಿನಲ್ಲಿ ಇಟ್ಟಿದ್ದ ಬ್ಯಾಕಪ್ಪೂ ಒಂದು. ಒಂದೇ ಮನೆಯಲ್ಲಿ ಇಟ್ಟವರು ಮುಳುಗಿದರು, ಬೇರೆ ಮನೆಯಲ್ಲೂ ಇಟ್ಟವರು ಉಳಿದರು. ಇಷ್ಟೇ ನೀತಿ.

ಈ ಬೀಗ ಬ್ರಹ್ಮಾಸ್ತ್ರ ಏನಲ್ಲ, ಒಪ್ತೀನಿ. ಅದು ತಡೆಯೋದು ಅಕೌಂಟಿನ ಡಿಲೀಟನ್ನು ಮಾತ್ರ, ಒಳಗಿನ ಫೈಲು ಅಳಿಸೋದನ್ನಲ್ಲ. ಓನರ್ ಅಥವಾ ಯೂಸರ್ ಆಕ್ಸೆಸ್ ಅಡ್ಮಿನಿಸ್ಟ್ರೇಟರ್ ಹಕ್ಕು ಇದ್ದವರು ತೆಗೆಯಬಹುದು, ಕಾಂಟ್ರಿಬ್ಯೂಟರ್‌ಗೆ ಆಗಲ್ಲ. ಆದರೆ ನಮ್ಮ ಆಫೀಸುಗಳಲ್ಲಿ ‘ಕಿರಿಕಿರಿ ಬೇಡ’ ಅಂತ ಸಿಕ್ಕಸಿಕ್ಕವರಿಗೆಲ್ಲ ಓನರ್ ಹಕ್ಕು ಹಂಚಿರ್ತಾರೆ. ಊರಿಗೆಲ್ಲ ಕೀಲಿಕೈ ಕೊಟ್ಟು ಬಾಗಿಲಿಗೆ ಬೀಗ ಹಾಕಿದ ಹಾಗೆ!

ಬೀಗ ತೆಗೀಲೇಬೇಡಿ ಅಂತ ನಾನು ಹೇಳ್ತಿಲ್ಲ. ಬೇಡದ ಅಕೌಂಟಿಗೆ ದುಡ್ಡು ಕಟ್ಟೋದೂ ದಡ್ಡತನವೇ. ಆದರೆ ಅದು ಕೊನೇ ಹೆಜ್ಜೆಯಾಗಲಿ, ಮೊದಲನೆಯದಲ್ಲ. ಡೇಟಾ ಯಾರದ್ದೋ ಅವರಿಂದ ಬರಹದಲ್ಲಿ ಒಪ್ಪಿಗೆ ತಗೊಳ್ಳಿ. ಬೇಕಾದ್ದನ್ನು ಬೇರೆ ಕಡೆ ಇಟ್ಟು, ಒಂದು ಫೈಲನ್ನಾದರೂ ತೆರೆದು ನೋಡಿ. ಆಮೇಲೆ ವಾಲ್ಟಿನಲ್ಲಿ ಬ್ಯಾಕಪ್ ನಿಲ್ಲಿಸಿ, ಅಕೌಂಟನ್ನು ಅನ್‌ರಿಜಿಸ್ಟರ್ ಮಾಡಿ. ಇಷ್ಟಾದ ಮೇಲೂ ಬೀಗ ಉಳಿದಿದ್ದರೆ ಧಾರಾಳವಾಗಿ ತೆಗೀರಿ.

ಇದಕ್ಕೆಲ್ಲ ಅರ್ಧ ದಿನ ಹಿಡಿಯುತ್ತೆ ಅಂತ ಗೊಣಗೋ ಮ್ಯಾನೇಜರುಗಳಿಗೆ ಅಜ್ಜಿ ಕಾಲದ ಗಾದೆಯೇ ಸಾಕು: ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ನಾವಂತೂ ಬಾಗಿಲು ತೆರೆದಿಟ್ಟು ಕೊಳ್ಳೆಗೆ ಕಾಯೋ ಜನ :-)

ನಿಮ್ಮ ಆಫೀಸಿನಲ್ಲಿ ಕೀಲಿಕೈ ಎಷ್ಟು ಜನರ ಹತ್ತಿರ ಇದೆ? ನಾಳೆ ಹೋಗಿ ಒಂದ್ಸಲ ಎಣಿಸಿ ನೋಡಿ.