ಸೋಪು ಹಾಕಿದರೆ ಕಲೆ ಕೆಂಪಾಯಿತು!

‘ಇವುಗಳಲ್ಲಿ ನೈಸರ್ಗಿಕ ಸೂಚಕ ಯಾವುದು?’ ಮಾಕ್ ಟೆಸ್ಟ್‌ನಲ್ಲಿ ಬಂದ ಈ ಪ್ರಶ್ನೆಗೆ ‘ಅರಿಶಿನ’ ಎಂದು ಟಿಕ್ ಹಾಕಲು ನನಗೆ ಎರಡು ಸೆಕೆಂಡೂ ಬೇಕಾಗಲಿಲ್ಲ. ಅದೇ ರಾತ್ರಿ ಹಾಸ್ಟೆಲ್‌ನಲ್ಲಿ ಬಿಳಿ ಅಂಗಿ ಒಗೆಯಲು ಕೂತೆ. ಮೆಸ್ಸಿನ ಸಾಂಬಾರಿನ ಹಳದಿ ಕಲೆಗೆ ಸೋಪು ಉಜ್ಜಿದ್ದೇ ತಡ, ಕಲೆ ಕೆಂಪಗಾಯಿತು. ಅಂಗಿ ಹಾಳಾಯಿತೆಂದು ಗಾಬರಿಯಿಂದ ಅಮ್ಮನಿಗೆ ಫೋನ್ ಮಾಡಿದೆ. ‘ಅರಿಶಿನ ಕಣೋ, ಸೋಪು ಬಿದ್ರೆ ಹಂಗೇ ಆಗೋದು. ಚೆನ್ನಾಗಿ ಜಾಲಿಸಿ ಬಿಸಿಲಿಗೆ ಹಾಕು, ಹೋಗುತ್ತೆ’ ಎಂದಳು. ಅಮ್ಮ ಓದಿದ್ದು ಏಳನೇ ಕ್ಲಾಸು. ನಾನು ಬಿಇ ಮೂರನೇ ವರ್ಷ. ಫೋನಿಟ್ಟ ಮೇಲೆ ಬಕೆಟ್ ಮುಂದೆ ಸುಮ್ಮನೆ ಕೂತಿದ್ದೆ.

ಬಿಇ ಓದುವವನಿಗೆ ರೈಲ್ವೆ ಗ್ರೂಪ್ ‘ಡಿ’ ಪರೀಕ್ಷೆ ಯಾಕೆ ಎಂದು ಕೇಳುವವರಿದ್ದಾರೆ. ಕ್ಯಾಂಪಸ್ ಪ್ಲೇಸ್‌ಮೆಂಟ್‌ನ ಸ್ಥಿತಿ ಕಂಡವರು ಕೇಳುವುದಿಲ್ಲ. ನನ್ನ ಫೀಸಿಗೆಂದು ಅಪ್ಪ ಮಾಡಿದ ಸಾಲ ಹಾಗೇ ಇದೆ. ಪರೀಕ್ಷೆಯಲ್ಲಿ 90 ನಿಮಿಷಕ್ಕೆ 100 ಪ್ರಶ್ನೆ. ಅದರಲ್ಲಿ 25 ಸಾಮಾನ್ಯ ವಿಜ್ಞಾನದ್ದು, ಅದೂ ಹತ್ತನೇ ತರಗತಿ ಮಟ್ಟದ್ದು. ಮೂರು ತಪ್ಪು ಉತ್ತರಕ್ಕೆ ಒಂದು ಅಂಕ ಕಟ್.

‘ಎಸ್ಸೆಸ್ಸೆಲ್ಸಿ ಸೈನ್ಸ್ ತಾನೇ’ ಎಂಬ ಉಡಾಫೆ ನನಗೂ ಇತ್ತು. ಒಂದು ಸಾಲಿನ ಪ್ರಶ್ನೋತ್ತರಗಳ ದಪ್ಪ ಪುಸ್ತಕ ತಂದು ಉರು ಹೊಡೆದೆ. ನಾನು ಹೋಗುವ ಕೋಚಿಂಗ್‌ನಲ್ಲೂ ಅದೇ ಮಂತ್ರ: ಕಾರಣ ಕೇಳುತ್ತಾ ಕೂತರೆ ಟೈಮ್ ವೇಸ್ಟ್. ನನಗೆ ಈಗ ಉಲ್ಟಾ ಅನಿಸುತ್ತಿದೆ. ಟೈಮ್ ಉಳಿಸುವುದೇ ಕಾರಣ.

ಕುಕ್ಕರ್‌ನಲ್ಲಿ ಅನ್ನ ಬೇಗ ಬೇಯುವುದು ಒತ್ತಡದಿಂದ ನೀರಿನ ಕುದಿಬಿಂದು ಏರುವುದರಿಂದ. ಇದು ನನಗೆ ಬಾಯಿಪಾಠ. ಆದರೆ ಬೆಟ್ಟದ ಮೇಲೆ ತೆರೆದ ಪಾತ್ರೆಯಲ್ಲಿ ಅನ್ನ ಬೇಯಲು ತಡವಾಗುವುದೇಕೆ ಎಂದು ಕೇಳಿದಾಗ ‘ಅಲ್ಲಿ ಚಳಿ ಹೆಚ್ಚು’ ಎಂಬ ಆಯ್ಕೆಗೆ ಟಿಕ್ ಹಾಕಿಬಂದೆ! ಎರಡೂ ಒಂದೇ ಪ್ರಶ್ನೆ ಎಂದು ಹೊಳೆಯಲೇ ಇಲ್ಲ. ಗಾಳಿಯ ಒತ್ತಡ ಇಳಿದಂತೆ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ: ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 97 ಡಿಗ್ರಿ ಆಸುಪಾಸು, 1,900 ಮೀಟರ್ ಮೀರಿದ ಮುಳ್ಳಯ್ಯನಗಿರಿಯ ತುದಿಯಲ್ಲಿ 94ರ ಹತ್ತಿರ. ಕುದಿ ಬಂದ ಮೇಲೆ ಎಷ್ಟೇ ಉರಿ ಹಾಕಿದರೂ ನೀರು ಅದಕ್ಕಿಂತ ಬಿಸಿಯಾಗದು. ಮುಚ್ಚಿದ ಕುಕ್ಕರ್‌ನೊಳಗೆ ಮಾತ್ರ 120ರವರೆಗೂ ಏರುತ್ತದೆ. ಇಷ್ಟು ಅರ್ಥವಾದರೆ ಪ್ರಶ್ನೆಯನ್ನು ಹೇಗೆ ತಿರುಗಿಸಿ ಕೇಳಿದರೂ ಸಿಕ್ಕಿಬೀಳುವುದಿಲ್ಲ.

ಎಲ್ಲಕ್ಕೂ ಹೀಗೆ ಕಾರಣ ಸಿಗುವುದಿಲ್ಲ ನಿಜ. ವಿಟಮಿನ್ ‘ಸಿ’ ಎಂದರೆ ಆಸ್ಕಾರ್ಬಿಕ್ ಆಮ್ಲ, ಅದರ ಕೊರತೆಯಿಂದ ಸ್ಕರ್ವಿ – ಇಂಥವನ್ನು ಉರು ಹೊಡೆಯಲೇಬೇಕು, ಬೇರೆ ದಾರಿಯಿಲ್ಲ. ಆದರೆ ಅರಿಶಿನ ಹಾಗಲ್ಲವಲ್ಲ? ಪ್ರತ್ಯಾಮ್ಲ ತಾಕಿದರೆ ಕೆಂಪು, ಹುಳಿ ತಾಕಿದರೆ ಮತ್ತೆ ಹಳದಿ. ಮದುಮಕ್ಕಳಿಗೆ ಎತ್ತುವ ಆರತಿಯ ಕೆಂಪು ನೀರು ಕೂಡ ಅರಿಶಿನಕ್ಕೆ ಸುಣ್ಣ ಕದಡಿದ್ದೇ. ನಮ್ಮ ಮನೆಯಲ್ಲೇ ಎಷ್ಟೋ ಸಲ ನೋಡಿದ್ದೇನೆ, ಒಮ್ಮೆಯೂ ಪಾಠ ನೆನಪಾಗಿರಲಿಲ್ಲ.

ಮರುದಿನ ಅಂಗಿಯನ್ನು ಹಾಸ್ಟೆಲ್ ಟೆರೇಸಿನಲ್ಲಿ ಹರವಿದೆ. ಜಾಲಿಸಿದ ಮೇಲೆ ಕಲೆ ಮತ್ತೆ ಹಳದಿಯಾಗಿತ್ತು. ಸಂಜೆಗೆ ಹುಡುಕಿ ನೋಡಬೇಕಾಯಿತು. ಈಗ ರೂಮ್‌ಮೇಟ್ ಕೂಡ ಸಾಂಬಾರಿನ ಕಲೆಯ ಅಂಗಿ ತಂದಿದ್ದಾನೆ, ನಿಂಬೆಹಣ್ಣಿನ ಜೊತೆಗೆ.