ಗುದ್ದಲಿ ಕೊಡುವವರು ನೆಲವನ್ನೂ ಕೊಡಲಿ

ಮಾಯಕೊಂಡದಲ್ಲಿ ಬೆಳಗಿನ ಹೊತ್ತು ರೈಲು ನಿಲ್ದಾಣದ ಬಳಿಯಾಗಲಿ, ಬಸ್ಸು ನಿಲ್ಲುವ ಕಡೆಯಾಗಲಿ ನಿಂತು ನೋಡಿದವರಿಗೆ ಹೆಚ್ಚಿನ ವಿವರಣೆ ಬೇಕಾಗದು. ಕೈಯಲ್ಲಿ ಬುತ್ತಿ ಹಿಡಿದ ಯುವಕರು ದಾವಣಗೆರೆಯ ದಾರಿ ಹಿಡಿಯುತ್ತಾರೆ. ಅವರ ಅಪ್ಪಂದಿರು ಬಂದಾಗ ಇಲ್ಲಿ ಗಿರಣಿಗಳಿದ್ದವು. ಈ ಪಟ್ಟಣವನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೊಗಳುವವರಿದ್ದರು. ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಇಂದು ಮಗ ಬಂದರೆ ಮಂಡಿಯಲ್ಲಿ ಮೂಟೆ ಹೊರಬೇಕು, ಇಲ್ಲವೇ ಹೋಟೆಲಿನಲ್ಲಿ ಲೋಟ ತೊಳೆಯಬೇಕು. ಊರಿನಲ್ಲಿ ಉಳಿದವನಿಗೆ ಮೆಕ್ಕೆಜೋಳದ ಹಂಗಾಮು ಮುಗಿದ ಮೇಲೆ ಕಟ್ಟೆಯೇ ಗತಿ.

ಇಂಥ ಹಳ್ಳಿಗಳಲ್ಲಿ ಯುವಕ ಸಂಘಗಳ ಮೂಲಕ ಸಾಮುದಾಯಿಕ ತೋಟಗಳನ್ನು ಬೆಳೆಸಿ ನೋಡಬೇಕೆಂಬ ಮಾತು ಮತ್ತೆ ಮತ್ತೆ ಕೇಳಿಬರುತ್ತದೆ. ಮಾತು ಒಳ್ಳೆಯದು, ನಾವು ಅದನ್ನು ಮನಃಪೂರ್ವಕವಾಗಿ ಸ್ವಾಗತಿಸುತ್ತೇವೆ. ಆದರೆ ನೆಲ ಯಾರದು, ನೀರು ಯಾರದು, ಬೆಳೆ ಯಾರದು ಎಂಬ ಮೂರು ಪ್ರಶ್ನೆಗಳಿಗೆ ಮೊದಲೇ ಉತ್ತರ ಬರೆದಿಡದಿದ್ದರೆ ಈ ಪ್ರಯೋಗವೂ ಉದ್ಘಾಟನೆಯ ಹಾರ ಬಾಡುವ ಮೊದಲೇ ಬಾಡುವುದು ಖಂಡಿತ.

ತೋಟದ ಅಗತ್ಯವನ್ನು ಯಾರೂ ಅಲ್ಲಗಳೆಯಲಾರರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65 ಮಂದಿಗೆ, 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 47 ಮಂದಿಗೆ ರಕ್ತಹೀನತೆ. ದಿನಕ್ಕೆ ತಲೆಗೆ 400 ಗ್ರಾಮಿನಷ್ಟಾದರೂ ತರಕಾರಿ, ಹಣ್ಣು ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಐದು ಜನರ ಸಂಸಾರಕ್ಕೆ ಅದು ತಿಂಗಳಿಗೆ 60 ಕಿಲೋ. ಕೂಲಿಯ ಮನೆಯಲ್ಲಿ ಇದನ್ನು ಕೊಂಡು ತಿನ್ನುವ ಶಕ್ತಿ ಎಷ್ಟು ಮಂದಿಗಿದೆ ಎಂಬುದನ್ನು ನಮ್ಮ ಓದುಗರಿಗೆ ಹೇಳಿಕೊಡಬೇಕಾಗಿಲ್ಲ.

ಇನ್ನು ನೀರಿನ ಲೆಕ್ಕ. ಒಂದು ಗುಂಟೆಯೆಂದರೆ ಸುಮಾರು ನೂರು ಚದರ ಮೀಟರು. ಬೇಸಿಗೆಯಲ್ಲಿ ತರಕಾರಿಗೆ ಚದರ ಮೀಟರಿಗೆ ದಿನಕ್ಕೆ ಐದು ಲೀಟರು ಹಿಡಿದರೂ ಗುಂಟೆಗೆ 500 ಲೀಟರು, ಹತ್ತು ಗುಂಟೆಗೆ 5,000 ಲೀಟರು ಬೇಕು. ಜಲಜೀವನ ಯೋಜನೆಯ ಲೆಕ್ಕದಲ್ಲಿ ಹಳ್ಳಿಯ ಒಬ್ಬ ಮನುಷ್ಯನಿಗೆ ದಿನಕ್ಕೆ 55 ಲೀಟರು. ಅಂದರೆ ಹತ್ತು ಗುಂಟೆ ತೋಟ ತೊಂಬತ್ತು ಜನರ ನೀರನ್ನು ಕುಡಿಯುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸಾರಬೇಕಾಯಿತು. ಅಂಥ ವರ್ಷದಲ್ಲಿ ಕೊಡ ಹಿಡಿದು ಸಾಲಿನಲ್ಲಿ ನಿಂತ ತಾಯಿಯ ಎದುರು ಬದನೆ ಗಿಡಕ್ಕೆ ನೀರು ಬಿಡುವ ಧೈರ್ಯ ಯಾವ ಯುವಕ ಸಂಘಕ್ಕಿದೆ? ಆದುದರಿಂದ ಎರಡು ಗುಂಟೆಯಿಂದ ಆರಂಭಿಸುವುದೇ ವಿವೇಕ. ಮುಂಗಾರಿನಲ್ಲಿ ಬಿತ್ತಬೇಕು, ಒಮ್ಮೆ ಬೇರು ಬಿಟ್ಟರೆ ಕಡಮೆ ನೀರಿನಲ್ಲಿ ಬದುಕುವ ನುಗ್ಗೆ, ಕರಿಬೇವುಗಳನ್ನು ಬದುವಿಗೆ ಹಾಕಬೇಕು, ನಲ್ಲಿಯ ಕಟ್ಟೆಯಿಂದ ಹರಿದು ಹೋಗುವ ನೀರನ್ನು ತೋಟಕ್ಕೆ ತಿರುಗಿಸಬೇಕು.

ಶಾಲೆಗಳ ಕೈತೋಟಗಳಿಂದ ಕಲಿಯುವುದು ಬಹಳವಿದೆ. ಬಿಸಿಯೂಟಕ್ಕೆ ತರಕಾರಿ ಶಾಲೆಯ ಹಿತ್ತಲಲ್ಲೇ ಬೆಳೆಯಲೆಂದು ಕೇಂದ್ರ ಸರ್ಕಾರ 2019ರಲ್ಲಿ ನಿರ್ದೇಶನ ಹೊರಡಿಸಿತು. ಆದರೆ ಏಪ್ರಿಲ್, ಮೇ ತಿಂಗಳಲ್ಲಿ ಮಕ್ಕಳಿಗೆ ರಜೆ, ಮೇಷ್ಟರಿಗೆ ರಜೆ, ಗಿಡಕ್ಕೆ ರಜೆಯುಂಟೆ? ಮಾಯಕೊಂಡದ ಸುತ್ತಿನ ಯುವಕ ಸಂಘಗಳು ಆ ಎರಡು ತಿಂಗಳ ಭಾರವನ್ನು ಹೊತ್ತರೆ ಹೊಸ ನೆಲ ಹುಡುಕುವ ಮೊದಲೇ ಅರ್ಧ ಕೆಲಸ ಆದಂತೆ. ಗೋಮಾಳಕ್ಕೆ ಕೈ ಹಾಕಿ ಎಂದು ನಾವು ಹೇಳುತ್ತಿಲ್ಲ, ದನಗಳಿಗೂ ಬಾಯಿಯಿದೆ. ಶಾಲೆಯ ಹಿತ್ತಲು, ಕಚೇರಿಗಳ ಆವರಣ, ಮುಳ್ಳುಕಂಟಿ ಬೆಳೆದ ಸರ್ಕಾರಿ ನಿವೇಶನಗಳೇ ಮೊದಲ ಹೆಜ್ಜೆಗೆ ಸಾಕು.

ಯುವಕ ಸಂಘಗಳೂ ಹೊಸವಲ್ಲ. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾದಾಗಲೂ ಯುವಜನರನ್ನು ಕರೆದರು, ಶ್ರಮದಾನವೆಂದರು. ಜನರ ಉತ್ಸಾಹವನ್ನು ಅದು ಎಬ್ಬಿಸಲಾರದೆ ಹೋಯಿತೆಂದು 1957ರಲ್ಲಿ ಬಲವಂತರಾಯ್ ಮೆಹತಾ ಸಮಿತಿಯೇ ವರದಿ ಮಾಡಿತು; ಕೆಳಗಿನ ಚುನಾಯಿತ ಸಂಸ್ಥೆಗಳಿಗೆ ಅಧಿಕಾರ ಕೊಡದೆ ಕೆಲಸ ನಡೆಯದೆಂದಿತು. 1972ರಲ್ಲಿ ನೆಹರು ಯುವ ಕೇಂದ್ರಗಳು ಬಂದವು. ಬೋರ್ಡುಗಳು ಬಂದವು, ಕ್ರಿಕೆಟ್ ಸಾಮಾನು ಬಂತು. ಚುನಾವಣೆ ಹತ್ತಿರವಾದಾಗ ಅಂಗಿಗಳೂ ಬಂದವು. ಅಧಿಕಾರ ಮಾತ್ರ ಬರಲಿಲ್ಲ. ಡಾ. ರಾಮಮನೋಹರ ಲೋಹಿಯಾ ಅವರು ಗುದ್ದಲಿ, ಮತ, ಸೆರೆಮನೆ ಮೂರನ್ನೂ ಒಟ್ಟಿಗೆ ಹೇಳಿದ್ದರು. ನಮ್ಮ ಆಳುವವರು ಯುವಕರ ಕೈಗೆ ಗುದ್ದಲಿಯೊಂದನ್ನೇ ಕೊಟ್ಟು ಛಾಯಾಚಿತ್ರ ತೆಗೆಸಿಕೊಳ್ಳುತ್ತಾರೆ.

ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯಿದೆ. ಕೆಸರು ಒಬ್ಬರ ಕೈಗೆ, ಮೊಸರು ಮತ್ತೊಬ್ಬರ ಬಾಯಿಗೆ ಎಂಬುದು ಈ ನಾಡಿನ ಅನುಭವ. ಹದಗೊಂಡ ನೆಲವನ್ನು ಮರುವರ್ಷ ಕಸಿದುಕೊಳ್ಳುವ ಭಯವಿದ್ದಲ್ಲಿ ಯಾರೂ ಗೊಬ್ಬರ ಹಾಕುವುದಿಲ್ಲ. ಕೇರಳದ ಕಡೆ ನೋಡೋಣ. ಅಲ್ಲಿ 1998ರಲ್ಲಿ ಆರಂಭವಾದ ಕುಟುಂಬಶ್ರೀಯಲ್ಲಿ ನಾಲ್ಕರಿಂದ ಹತ್ತು ಹೆಂಗಸರು ಗುಂಪಾಗಿ ನೆಲವನ್ನು ಗೇಣಿಗೆ ಹಿಡಿದು, ಬ್ಯಾಂಕಿನ ಸಾಲ ಪಡೆದು ತರಕಾರಿ ಬೆಳೆಯುತ್ತಾರೆ. ಬೆಳೆ ಅವರದು, ಲೆಕ್ಕವೂ ಅವರದು. ನಮ್ಮವರಿಗೂ ಕೂಡಿ ಬಾಳುವುದು ಹೊಸದೇನಲ್ಲ. ದೇಶದ ಮೊದಲ ಕೃಷಿ ಸಹಕಾರ ಸಂಘ 1905ರಲ್ಲಿ ಹುಟ್ಟಿದ್ದು ಗದಗದ ಹತ್ತಿರದ ಕಣಗಿನಹಾಳವೆಂಬ ಹಳ್ಳಿಯಲ್ಲಿ.

ಆದುದರಿಂದ ನಮ್ಮ ಬೇಡಿಕೆಗಳು ಸ್ಪಷ್ಟವಾಗಿವೆ. ತೋಟದ ನೆಲವನ್ನು ಕನಿಷ್ಠ ಐದು ವರ್ಷ ಸಂಘದ ವಶದಲ್ಲಿಡುವಂತೆ ಗ್ರಾಮಸಭೆಯಲ್ಲಿ ಠರಾವಾಗಬೇಕು. ಕಂದಾಯ ಇಲಾಖೆ ಅದಕ್ಕೆ ಲಿಖಿತ ಒಪ್ಪಿಗೆ ಕೊಡಬೇಕು. ಮಾಯಕೊಂಡ 2008ರಿಂದ ಪರಿಶಿಷ್ಟ ಜಾತಿಗೆ ಮೀಸಲಾದ ವಿಧಾನಸಭಾ ಕ್ಷೇತ್ರ. ಅಲ್ಲಿಯ ಸಂಘದಲ್ಲಿ ಭೂಹೀನರ ಮಕ್ಕಳೂ ಹೆಣ್ಣುಮಕ್ಕಳೂ ಹೆಸರಿಗೆ ಮಾತ್ರ ಸದಸ್ಯರಾಗಿರದೆ ಕೀಲಿಕೈ, ಹಣದ ಪೆಟ್ಟಿಗೆ ಹಿಡಿಯುವವರೂ ಆಗಬೇಕು. ಬೀಜ, ನೀರು, ದುಡಿದ ಗಂಟೆ, ಬೆಳೆದ ಕಿಲೋ ಇವುಗಳ ಲೆಕ್ಕವನ್ನು ಪ್ರತಿ ತಿಂಗಳು ಪಂಚಾಯಿತಿಯ ಗ್ರಂಥಾಲಯದ ಗೋಡೆಗೆ ಅಂಟಿಸಬೇಕು. ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದ, ಕತ್ತಲಗೆರೆಯ ಸಂಶೋಧನಾ ಕೇಂದ್ರದ ತಜ್ಞರು ಭಾಷಣಕ್ಕೆ ಒಮ್ಮೆ ಬಂದು ಹೋಗದೆ ವರ್ಷವಿಡೀ ಜೊತೆಗಿರಬೇಕು. ಮಳೆಗಾಲ, ಚಳಿಗಾಲ, ಬೇಸಿಗೆ ಮೂರನ್ನೂ ದಾಟದ ಪ್ರಯೋಗವನ್ನು ಪ್ರಯೋಗವೆನ್ನಬಾರದು. ಸೋತರೆ ಸೋತೆವೆಂದೇ ಬರೆಯಲಿ. ಆ ಲೆಕ್ಕ ಮುಂದಿನ ಹಳ್ಳಿಗೆ ದಾರಿಯಾದೀತು.

ನಗರದ ಬಂಧುಗಳಿಗೂ ಒಂದು ಮಾತು. ಮಂಡಕ್ಕಿ ಮೆಣಸಿನಕಾಯಿಯ ಅಂಗಡಿಗೆ ದಿನವೂ ಹಸಿಮೆಣಸು, ಕೊತ್ತಂಬರಿ ಬೇಕು. ಖಾನಾವಳಿಗೆ ಸೊಪ್ಪು ಬೇಕು. ಸಣ್ಣ ವ್ಯಾಪಾರಿಗಳು ನಾಲ್ಕೈದು ಮಂದಿ ಸೇರಿ ವಾರಕ್ಕಿಷ್ಟು ಕೊಳ್ಳುತ್ತೇವೆಂದು ಮುಂಚಿತವಾಗಿ ಮಾತು ಕೊಟ್ಟರೆ, ದಲ್ಲಾಳಿಯ ಕೈಗೆ ಹೋಗುವ ಪಾಲು ಇಬ್ಬರಲ್ಲಿಯೂ ಉಳಿಯುತ್ತದೆ. ಕಾರ್ಮಿಕ ಸಂಘಗಳು ಸಂಬಳದ ದಿನ ತಮ್ಮ ಕಚೇರಿಯ ಮುಂದೆ ಒಂದು ತಳ್ಳುಗಾಡಿಗೆ ಜಾಗ ಕೊಡಲಿ. ಮಾಯಕೊಂಡದ ಹುಡುಗ ಮೂಟೆ ಹೊರಲು ನಗರಕ್ಕೆ ಬರುವುದನ್ನು ಕಂಡಿದ್ದೇವೆ. ತಾನು ಬೆಳೆದ ಸೊಪ್ಪಿನ ಬುಟ್ಟಿ ಹೊತ್ತು, ತಾನೇ ಬೆಲೆ ಹೇಳಿ ಮಾರುವುದನ್ನೂ ಕಾಣಬೇಕು. ಮುಂದಿನ ಗ್ರಾಮಸಭೆಯಲ್ಲಿ ಈ ಠರಾವನ್ನು ಮಂಡಿಸಿರೆಂದು ಆ ಭಾಗದ ಯುವಕ ಯುವತಿಯರನ್ನು ನಾವು ಕೇಳಿಕೊಳ್ಳುತ್ತೇವೆ.