ಭೀಮೆಯ ತವರಿನಲ್ಲಿ ಒಂದು ಕೆಂದಳಿಲು

ಡಿಸೆಂಬರ್ ಕೊನೆಯ ವಾರ ಅಮೆರಿಕದ ಕ್ಲೈಂಟ್‌ಗಳೆಲ್ಲ ರಜೆಯಲ್ಲಿರುತ್ತಾರೆ. ನಮ್ಮಂಥವರಿಗೂ ಉಸಿರಾಡಲು ಪುರುಸೊತ್ತು ಸಿಗುತ್ತದೆ. ಅಂಥ ಒಂದು ವಾರದಲ್ಲಿ ಪುಣೆಯ ನಾವು ಐವರು ಕನ್ನಡಿಗರು ಭೀಮಾಶಂಕರಕ್ಕೆ ಹೊರಟೆವು. ಪುಣೆಯಿಂದ ಸುಮಾರು 110 ಕಿ.ಮೀ. ಹನ್ನೆರಡು ವರ್ಷದಿಂದ ಇಲ್ಲೇ ಇದ್ದರೂ ನಾನು ಹೋಗಿರಲಿಲ್ಲ.

ನನ್ನೂರು ಅಫಜಲಪುರ ತಾಲ್ಲೂಕಿನಲ್ಲಿ, ಭೀಮಾ ದಂಡೆಯ ಮೇಲಿದೆ. ಹೊರಡುವ ಹಿಂದಿನ ರಾತ್ರಿ ಅವ್ವ ಫೋನಿನಲ್ಲಿ, "ನಮ್ಮ ಹೊಳಿ ಹುಟ್ಟಿದ ಜಾಗ ಅದು. ನನ್ನ ಹೆಸರಿಲೆ ಒಂದು ಕಾಯಿ ಒಡಿಸಿಕೊಂಡು ಬಾ" ಎಂದಿದ್ದಳು.

ಮಂಚರ್, ಘೋಡೆಗಾಂವ್ ದಾಟಿ, ಡಿಂಭೆ ಅಣೆಕಟ್ಟಿನ ಹಿನ್ನೀರು ನೋಡುತ್ತ ಘಾಟಿ ಹತ್ತಿದೆವು. ದರ್ಶನ ಮುಗಿಯಿತು, ಅವ್ವನ ಕಾಯಿಯೂ ಆಯಿತು. ಆಮೇಲೆ ಊರಿನ ಹುಡುಗನೊಬ್ಬನನ್ನು ಜೊತೆಗೆ ಕರೆದುಕೊಂಡು ಗುಪ್ತ ಭೀಮಾಶಂಕರದ ಕಾಡುದಾರಿ ಹಿಡಿದೆವು. ಅವನು ಅಲ್ಲಿನ ಮಹಾದೇವ ಕೋಳಿ ಸಮುದಾಯದವನು. ನಾವು ನೋಡಬೇಕಾಗಿದ್ದದ್ದು ಶೇಕರು, ಅಂದರೆ ನಮ್ಮ ಮಲೆನಾಡಿನ ಕೆಂದಳಿಲು. ಮಹಾರಾಷ್ಟ್ರದ ರಾಜ್ಯಪ್ರಾಣಿ ಅದು. ಅದನ್ನು ಉಳಿಸಲೆಂದೇ 1985ರಲ್ಲಿ ಈ ಕಾಡನ್ನು ಅಭಯಾರಣ್ಯ ಮಾಡಿದರು.

ಒಂದು ಗಂಟೆ ನಡೆದರೂ ಏನೂ ಕಾಣಲಿಲ್ಲ. ನಮ್ಮ ಹರಟೆಯೂ ನಿಂತಿರಲಿಲ್ಲ. ಹುಡುಗ ಎರಡು ಸಲ ಬೆರಳು ತುಟಿಗಿಟ್ಟು ಸುಮ್ಮನಿರಿ ಎಂದ. ಮೂರನೆಯ ಸಲ ಮೇಲಕ್ಕೆ ಕೈ ತೋರಿಸಿದ. ಎತ್ತರದ ಕೊಂಬೆಯಲ್ಲಿ ಹಿಂಗಾಲಿನಿಂದ ಜೋತುಬಿದ್ದು, ಎರಡೂ ಕೈಯಲ್ಲಿ ಕಾಯಿ ಹಿಡಿದು ತಿನ್ನುತ್ತಿತ್ತು. ಮೂಗಿನಿಂದ ಬಾಲದ ತುದಿಯವರೆಗೆ ಮೂರಡಿ ಇದ್ದೀತು. ಇಟ್ಟಿಗೆಗೆಂಪು ಬೆನ್ನು, ಕೆನೆಬಣ್ಣದ ಹೊಟ್ಟೆ.

ಮಂಗಳೂರಿನ ಗೆಳತಿ ಕ್ಯಾಮೆರಾ ಎತ್ತಿದಳು. ಅಳಿಲಿನ ಮುಖ ಆ ಕಡೆಗಿತ್ತು. ಇತ್ತ ತಿರುಗಲಿ ಎಂದು ನಾನು ಜೋರಾಗಿ ಎರಡು ಚಪ್ಪಾಳೆ ಹೊಡೆದೆ.

ಕಾಯಿ ಕೆಳಗೆ ಬಿತ್ತು. ಅಳಿಲು ಕೊಂಬೆಗೆ ಹೊಟ್ಟೆಯೊತ್ತಿ, ತೊಗಟೆಯ ಒಂದು ಉಬ್ಬಿನಂತೆ ಅಂಟಿಕೊಂಡುಬಿಟ್ಟಿತು. ಹತ್ತು ನಿಮಿಷವಾದರೂ ಅಲುಗಲಿಲ್ಲ.

"ಏನಪಾ, ಕ್ರಿಕೆಟ್ ಮ್ಯಾಚ್ ನೋಡಾಕ ಬಂದೀಯೇನು?" ಎಂದ ಹುಬ್ಬಳ್ಳಿಯ ಗೆಳೆಯ. ಎಲ್ಲರೂ ನಕ್ಕರು. ಹುಡುಗ ಮಾತ್ರ ನಗಲಿಲ್ಲ. "ನಾವು ಇಲ್ಲಿರುವ ತನಕ ಅದು ತಿನ್ನುವುದಿಲ್ಲ, ನಡೆಯಿರಿ" ಎಂದು ಮರಾಠಿಯಲ್ಲಿ ಹೇಳಿ ಮುಂದೆ ಹೋದ. ಬೈದಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ವಾಪಸು ಬರುವಾಗ ಅವನೇ ಮಾತಿಗೆ ಬಂದ. ಈ ಅಳಿಲು ನೆಲಕ್ಕಿಳಿಯುವುದು ತೀರಾ ಅಪರೂಪ. ಗೂಡು, ಊಟ, ಓಡಾಟ ಎಲ್ಲ ಮರದ ಮೇಲೆಯೇ. ಇಪ್ಪತ್ತು ಅಡಿಯವರೆಗೂ ಜಿಗಿಯಬಲ್ಲದು, ಆದರೆ ಆಚೆ ಬದಿಯಲ್ಲಿ ಒಂದು ಕೊಂಬೆ ಇರಬೇಕು. ರಸ್ತೆಗೋ ಪಾರ್ಕಿಂಗಿಗೋ ನಾಲ್ಕು ಮರ ಕಡಿದರೆ ನಮ್ಮ ಲೆಕ್ಕದಲ್ಲಿ ಹೋದದ್ದು ನಾಲ್ಕೇ ಮರ. ಅದರ ಲೆಕ್ಕದಲ್ಲಿ ದಾರಿಯೇ ಮುಗಿಯಿತು. ಆ ಬೆಳಿಗ್ಗೆ ಕಾರು ನಿಲ್ಲಿಸಲು ಜಾಗ ಸಿಗಲಿಲ್ಲ ಎಂದು ಗೊಣಗಿದವರಲ್ಲಿ ನಾನೂ ಒಬ್ಬ.

ಕೊನೆಗೆ ಹೊಳೆ ನೋಡಿದೆ. ಕಲ್ಲುಗಳ ನಡುವೆ ಒಂದು ಸಣ್ಣ ನೀರು, ಒಂದು ಹೆಜ್ಜೆಗೆ ದಾಟಬಹುದು. ಇದೇ ನೀರು ನಮ್ಮೂರು, ಗಾಣಗಾಪುರಗಳನ್ನು ಹಾದು, ಸುಮಾರು 860 ಕಿ.ಮೀ. ಹರಿದು, ರಾಯಚೂರಿನ ಬಳಿ ಕೃಷ್ಣೆಯನ್ನು ಸೇರುತ್ತದೆ. ಮಳೆಗಾಲದ ನೀರನ್ನು ಹಿಡಿದಿಟ್ಟು ಹೊಳೆಗೆ ಬಿಡುವುದು ಈ ಕಾಡೇ. ಬೇಸಿಗೆಯಲ್ಲಿ ಭೀಮೆ ಬತ್ತಿತು ಎಂದು ನಾವು ಊರಲ್ಲಿ ಕೂತು ಆಕಾಶ ನೋಡುತ್ತೇವೆ. ಈ ಕಡೆ ಯಾವತ್ತೂ ನೋಡಿದವರಲ್ಲ.

ಪುಣೆ, ಮುಂಬಯಿಯವರು ಖಂಡಿತ ಹೋಗಿ ಬನ್ನಿ. ಶ್ರಾವಣದ, ಶಿವರಾತ್ರಿಯ ನೂಕುನುಗ್ಗಲು ಬೇಡ. ವಾರದ ನಡುವೆ, ಬೆಳಿಗ್ಗೆ ಬೇಗ ಹೋಗಿ. ಊರಿನವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ, ಅವರು ಸುಮ್ಮನಿರಿ ಎಂದರೆ ಸುಮ್ಮನಿರಿ.

ರಾತ್ರಿ ಅವ್ವ ಕೇಳಿದಳು, "ಹೊಳಿ ಹೆಂಗದ?"

"ಸಣ್ಣ ಕೂಸಿನಂಗ ಅದ ಅವ್ವಾ" ಎಂದೆ. ಚಪ್ಪಾಳೆಯ ವಿಷಯ ಹೇಳಲಿಲ್ಲ.